ಹುತಾತ್ಮ ಅಂದರೆ ಯಾರು?

ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ಸರ್ಕಾರಿ ಕಚೇರಿಗಳಲ್ಲಿ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಗಾಂಧೀಜಿ ಹತ್ಯೆಯಾದ ದಿನ, ಹುತಾತ್ಮರ ದಿನ. ಆದರೆ ಆ ಪದವನ್ನು ಬಿಡಿಸಿ ನೋಡುವವರು ಕಡಿಮೆ. 'ಹುತ' ಅಂದರೆ ಬೆಂಕಿಗೆ ಅರ್ಪಿಸಿದ್ದು. ಹೋಮ, ಆಹುತಿ, ಹವಿಸ್ಸು ಎಲ್ಲ ಇದೇ ಬೇರಿನವು. ಹೋಮಕ್ಕೆ ತುಪ್ಪ ಹಾಕುವ ಹಾಗೆ ತನ್ನನ್ನೇ ಹಾಕಿಕೊಂಡವನು ಹುತಾತ್ಮ.

ಇಂಗ್ಲಿಷಿನ ಮಾರ್ಟರ್ ಗ್ರೀಕಿನಿಂದ ಬಂದದ್ದು. ಅಲ್ಲಿ ಅದರ ಮೊದಲ ಅರ್ಥ 'ಸಾಕ್ಷಿ'. ಕೋರ್ಟಿಗೆ ಬಂದು ಕಂಡದ್ದನ್ನು ಹೇಳುತ್ತಾರಲ್ಲ, ಅದೇ ಸಾಕ್ಷಿ. ಅರಬ್ಬಿಯ ಶಹೀದ್ ಕೂಡ ಸಾಕ್ಷಿ ಅನ್ನುವ ಬೇರಿನದೇ. ನನಗೆ ಈ ಅರ್ಥವೇ ಜಾಸ್ತಿ ಹಿಡಿಸುತ್ತದೆ. ತುಪ್ಪಕ್ಕೆ ಬೇರೆ ದಾರಿ ಇಲ್ಲ, ಸಾಕ್ಷಿಗೆ ಇದೆ. ಮಾತು ಬದಲಿಸಿ ಮನೆಗೆ ಹೋಗಬಹುದು. "ತಪ್ಪಾಯ್ತು" ಅಂದರೆ ಜೀವ ಉಳಿಯುವ ಹೊತ್ತಿನಲ್ಲೂ ಹಾಗೆ ಅನ್ನದೆ ನಿಂತವರಿಗೇ ಈ ಪದ ಸಲ್ಲಬೇಕು.

ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಕಾಣುವ ವೀರಗಲ್ಲಿನ ವೀರ ಬೇರೆ. ದನ ಕದಿಯಲು ಬಂದವರ ಜೊತೆ ಹೊಡೆದಾಡಿ ಸತ್ತವನು ಅವನು, ಕಲ್ಲಿನಲ್ಲೂ ಕೈಯಲ್ಲಿ ಆಯುಧ ಹಿಡಿದಿರುತ್ತಾನೆ, ಅವನದೂ ದೊಡ್ಡ ಸಾವೇ. ಗಡಿಯಲ್ಲಿ ತೀರಿಕೊಂಡ ಯೋಧರನ್ನು ನಾವು ಪ್ರೀತಿಯಿಂದ ಹುತಾತ್ಮ ಅನ್ನುತ್ತೇವೆ, ಆದರೆ ಸೇನೆಯ ಅಧಿಕೃತ ಬಳಕೆಯಲ್ಲಿ ಈ ಪದವೇ ಇಲ್ಲ. ಇನ್ನು, ತನ್ನ ನಂಬಿಕೆಗಾಗಿ ಅಮಾಯಕರನ್ನು ಕೊಂದು ತಾನೂ ಸಾಯುವವನನ್ನು ಹುತಾತ್ಮ ಅನ್ನಲೇಬಾರದು.

ನಮ್ಮಲ್ಲಿ ಈ ಪದಕ್ಕೆ ಒಪ್ಪುವ ಹೆಸರು ಕೇಳಿದರೆ ನಾನು ಹೇಳುವುದು 12ನೇ ಶತಮಾನದ ಕಲ್ಯಾಣದ ಸಮಗಾರ ಹರಳಯ್ಯ. ಅವರು ಒಮ್ಮೆ ಬಸವಣ್ಣನವರಿಗೆ "ಶರಣು" ಅಂದರಂತೆ. ಬಸವಣ್ಣ ತಿರುಗಿ "ಶರಣು ಶರಣಾರ್ಥಿ" ಅಂದರಂತೆ. ಒಂದು ಮಾತು ಹೆಚ್ಚಾಯಿತಲ್ಲ, ಆ ಸಾಲ ತೀರಿಸುವುದು ಹೇಗೆ? ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ, ಅಂದರೆ ಚರ್ಮದ ಪಾದರಕ್ಷೆ, ಹೊಲಿದು ತಂದರಂತೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು ಅಂತ ಜನ ಇವತ್ತಿಗೂ ಹೇಳುತ್ತಾರೆ.

ಮುಂದೆ ಹರಳಯ್ಯನವರ ಮಗನಿಗೂ, ಬ್ರಾಹ್ಮಣರಾಗಿದ್ದು ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತು. ಜಾತಿ ಇಲ್ಲ ಅಂತ ಬಾಯಲ್ಲಿ ಹೇಳುವುದು ಸುಲಭ, ಮಕ್ಕಳನ್ನು ಕೊಟ್ಟು ತಂದು ತೋರಿಸುವುದು ಸುಮ್ನೆ ಮಾತಲ್ಲ ಅಲ್ವಾ? ಊರು ಏನನ್ನುತ್ತದೆ, ಅರಮನೆ ಏನು ಮಾಡುತ್ತದೆ ಅನ್ನುವುದು ತಿಳಿಯದಷ್ಟು ಮುಗ್ಧರೇನಲ್ಲ ಆ ಇಬ್ಬರು ತಂದೆಯರು. ಕಲ್ಯಾಣದ ದೊರೆ ಬಿಜ್ಜಳ ಅವರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟ. ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ, ಕಲ್ಯಾಣದ ಬೀದಿಯಲ್ಲಿ ಎಳೆಸಿದರು ಅನ್ನುತ್ತದೆ ಶರಣ ಪರಂಪರೆ. "ಶರಣರ ಗುಣ ಮರಣದಲ್ಲಿ ನೋಡು" ಅನ್ನುವ ಗಾದೆ ಕೇಳಿದಾಗಲೆಲ್ಲ ನನಗೆ ಆ ಬೀದಿಯೇ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯೂ ಆಯಿತು. ಉಳಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ನಡೆದರು.