ಬರೆದಾಯ್ತು ಅಂದ ಡಿಸ್ಕನ್ನು ಎಷ್ಟು ನಂಬಬಹುದು?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಗೋದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಒಂದು ಅಡಿಕೆ ಮಂಡಿಯ ಕಂಪ್ಯೂಟರಿನಲ್ಲಿ ಬೆಳೆಗಾರರೊಬ್ಬರ ಲೆಕ್ಕ ಏರುತ್ತಿದೆ ಅಂದುಕೊಳ್ಳಿ. ದಾಸ್ತಾನಿನಿಂದ ರಾಶಿ ಅಡಿಕೆಯ ಮೂಟೆಗಳನ್ನು ಕಳೆಯಬೇಕು, ಮಾರಿದ ಹಣ ಅವರ ಖಾತೆಗೆ ಜಮಾ ಆಗಬೇಕು. ಎರಡೂ ಆಗಬೇಕು, ಇಲ್ಲಾ ಎರಡೂ ಆಗಬಾರದು.

ಸಾಫ್ಟ್‌ವೇರ್ ಇದಕ್ಕೆ ಒಂದು ಕ್ರಮ ಇಟ್ಟುಕೊಂಡಿರುತ್ತದೆ. ಡಿಸ್ಕ್ ಆ ಕ್ರಮದಲ್ಲೇ ಬರೆಯುತ್ತದೆ ಅಂತೇನಿಲ್ಲ! ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು, ಕಂಪ್ಯೂಟರಿಗೆ ಅದು ತುಂಬಾ ಜಾಸ್ತಿ ಹೊತ್ತು. ಹಾಗಾಗಿ ಬಂದದ್ದನ್ನೆಲ್ಲ ತನ್ನ ಕ್ಯಾಶ್ ಮೆಮೊರಿಯಲ್ಲಿ (ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುವ ತಾತ್ಕಾಲಿಕ ಜಾಗ) ಇಟ್ಟುಕೊಂಡು 'ಬರೆದಾಯ್ತು' ಅನ್ನುತ್ತದೆ, ಆಮೇಲೆ ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ಡಿಗೆ ಹತ್ತಿರ ಇರುವುದನ್ನು ಮೊದಲು ಬರೆಯುತ್ತದೆ. ಚೀಟಿ ಹಿಡಿದು ಪೇಟೆಗೆ ಹೋದವರು ದಾರಿಯಲ್ಲಿ ಮೊದಲು ಸಿಕ್ಕ ಅಂಗಡಿಯಲ್ಲೇ ಮೊದಲು ಸಾಮಾನು ಕೊಳ್ಳೋದಿಲ್ವಾ, ಹಾಗೆ. ಕರೆಂಟ್ ಹೋದರೆ ಕ್ಯಾಶಿನಲ್ಲಿದ್ದದ್ದು ಹೋಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಡೇಟಾ ಚಿಪ್ಪಿನಲ್ಲೇ ಇರುತ್ತದೆ, ಆದರೂ ಕ್ಯಾಶ್ ಇದೆ, ಅಪಾಯವೂ ಇದೆ.

ಇದಕ್ಕೆ ಕಂಡುಕೊಂಡ ದಾರಿ ಜರ್ನಲ್. ಏನೇನು ಬದಲಾಗಬೇಕು ಅನ್ನುವುದನ್ನು ಮೊದಲು ಬೇರೆ ಜಾಗದಲ್ಲಿ ಬರೆದಿಟ್ಟು, ಕೊನೆಗೆ 'ಪೂರ್ತಿ ಆಯಿತು' ಅಂತ ಒಂದು ಗುರುತು ಹಾಕಿ, ಆಮೇಲಷ್ಟೇ ನಿಜವಾದ ಜಾಗಕ್ಕೆ ಬರೆಯುವುದು. ಕರೆಂಟ್ ಬಂದ ಮೇಲೆ ಗುರುತು ಇದ್ದರೆ ಸಾಫ್ಟ್‌ವೇರ್ ಕೆಲಸ ಮುಗಿಸುತ್ತದೆ, ಇಲ್ಲದಿದ್ದರೆ ಬಿಟ್ಟುಬಿಡುತ್ತದೆ. ಆದರೆ ಡಿಸ್ಕ್ ಗುರುತನ್ನೇ ಮೊದಲು ಬರೆದು, ವಿವರ ಬರೆಯುವ ಮುಂಚೆ ಕರೆಂಟ್ ಹೋದರೆ? ಆಗ ಸಾಫ್ಟ್‌ವೇರ್ ಜರ್ನಲಿನಲ್ಲಿರುವ ಹಳೇ ಕಸವನ್ನೇ ನಿಜ ಅಂತ ತಿಳಿದು ಸರಿಯಾಗಿದ್ದ ಲೆಕ್ಕದ ಮೇಲೆ ಬರೆದುಬಿಡುತ್ತದೆ.

ಅದಕ್ಕೇ ಗುರುತು ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಇನ್ನೊಂದು ಸಲ, ಕ್ಯಾಶ್ ಖಾಲಿ ಮಾಡು ಅಂತ ಡಿಸ್ಕಿಗೆ ಹೇಳಬೇಕು. ಈ ಆದೇಶದ ಹೆಸರು ಫ್ಲಶ್. ಇದರಿಂದ ವೇಗ ಕಡಿಮೆಯಾಗುತ್ತದೆ ಅನ್ನೋದು ನಿಜ. ಲಿನಕ್ಸಿನಲ್ಲಿ ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಎಕ್ಸ್‌ಟಿ3 ಫೈಲ್ ಸಿಸ್ಟಮ್ಮಿನಲ್ಲಿ ಇದು ಬಹಳ ವರ್ಷ ತಾನಾಗಿಯೇ ಆನ್ ಇರುತ್ತಿರಲಿಲ್ಲ, ಎಕ್ಸ್‌ಟಿ4ರಲ್ಲಿ ಇರುತ್ತದೆ. ಮ್ಯಾಕಿನಲ್ಲಿ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಕಳಿಸು ಅನ್ನುವ ಆದೇಶ) ಅಂದರೆ ಡೇಟಾ ಡಿಸ್ಕಿನವರೆಗೆ ಹೋಗುತ್ತದೆ, ಕ್ಯಾಶ್ ಖಾಲಿಯಾಗಲು ಎಫ್_ಫುಲ್‌ಎಫ್‌ಸಿಂಕ್ ಅಂತ ಬೇರೆಯೇ ಕೇಳಬೇಕು. ಸ್ವಲ್ಪ ವೇಗಕ್ಕಾಗಿ ಫ್ಲಶ್ ಆಫ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಜನರ ದುಡ್ಡಿನ ಲೆಕ್ಕ ಇರುವ ಕಡೆ ದಯವಿಟ್ಟು ಆ ಮಾತು ಕೇಳಬೇಡಿ.

ಯುಪಿಎಸ್ ಇದೆಯಲ್ಲ ಅಂತೀರಾ? ಇರಲಿ, ಬೇಕು. ಆದರೆ ಬ್ಯಾಟರಿ ಹಳೆಯದಾಗುತ್ತದೆ, ಯಾರದ್ದೋ ಕಾಲು ತಾಗಿ ವೈರ್ ಕಿತ್ತುಬರುತ್ತದೆ, ಕಂಪ್ಯೂಟರಿನ ಪವರ್ ಸಪ್ಲೈಯೇ ಸುಡಬಹುದು. ಸರ್ವರಿಗೆ ಅಂತಲೇ ಮಾಡಿದ ಹಲವು ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್ ಇರುತ್ತವೆ. ಕರೆಂಟ್ ಹೋದರೂ ಕ್ಯಾಶಿನಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ದುಬಾರಿ, ಆದರೆ ಲೆಕ್ಕದ ಸರ್ವರಿಗೆ ನಾನು ಅದನ್ನೇ ಹಾಕಿ ಅಂತೀನಿ.

ಪರೀಕ್ಷೆ ಮಾಡಲೂ ಬಹುದು. ಮುಖ್ಯವಾದ ಡೇಟಾ ಇಲ್ಲದ ಕಂಪ್ಯೂಟರಿನಲ್ಲಿ ಒಂದೊಂದೇ ಸಂಖ್ಯೆ ಬರೆದು, ಪ್ರತಿ ಸಲ ಫ್ಲಶ್ ಮುಗಿದ ಮೇಲೆ ಆ ಸಂಖ್ಯೆಯನ್ನು ನೆಟ್‌ವರ್ಕಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಕಳಿಸಿ. ನಡುವೆ ಪ್ಲಗ್ ಕೀಳಿ. ಮತ್ತೆ ಆನ್ ಮಾಡಿದಾಗ ಆ ಕಡೆ ತಲುಪಿದ ಪ್ರತಿ ಸಂಖ್ಯೆಯೂ ಈ ಡಿಸ್ಕಿನಲ್ಲಿ ಇರಲೇಬೇಕು. ಒಂದು ಕಡಿಮೆ ಇದ್ದರೂ ಡಿಸ್ಕನ್ನೋ ಸೆಟ್ಟಿಂಗನ್ನೋ ಬದಲಾಯಿಸಿ, ಮತ್ತೆ ಪ್ಲಗ್ ಕಿತ್ತು ನೋಡಿ.