ಮೋಟರ್ ಓಡುತ್ತಿದೆಯೇ? ‘ಹೌದು’ ಎಂಬುದರ ಹಲವು ವೇಷ

ಮುಧೋಳ, ಜಮಖಂಡಿ ಸುತ್ತಿನ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಶುರುವಾಯಿತೆಂದರೆ ಹಗಲು ರಾತ್ರಿ ಕಬ್ಬು ನುರಿಯುತ್ತಲೇ ಇರುತ್ತದೆ. ಕಬ್ಬು ಸಾಗಿಸುವ ಕ್ಯಾರಿಯರ್‌ನ ಮೋಟರ್ ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಕಂಟ್ರೋಲ್ ರೂಮಿನ ಪರದೆ ಒಂದು ಬಣ್ಣದ ಚುಕ್ಕೆಯಲ್ಲಿ ಹೇಳಿಬಿಡುತ್ತದೆ. ಹೌದು ಇಲ್ಲವೇ ಅಲ್ಲ, ಅಷ್ಟೇ. ತರ್ಕವನ್ನು 0 ಮತ್ತು 1ರ ಗಣಿತಕ್ಕೆ ಇಳಿಸಿದ 19ನೇ ಶತಮಾನದ ಜಾರ್ಜ್ ಬೂಲ್ ಹೆಸರಿನಿಂದ ಇದನ್ನು ಬೂಲಿಯನ್ ಮೌಲ್ಯ ಎನ್ನುತ್ತಾರೆ. ಆದರೆ ಈ ‘ಹೌದು’ ಮೋಟರ್‌ನಿಂದ ಪರದೆ ತಲುಪುವಷ್ಟರಲ್ಲಿ ಹಲವು ವೇಷ ಹಾಕುತ್ತದೆ.

ಮೊದಲ ವೇಷ ವೋಲ್ಟೇಜ್. ಮೋಟರ್‌ಗೆ ವಿದ್ಯುತ್ ಹರಿಸುವ ಕಾಂಟ್ಯಾಕ್ಟರ್ ಎಂಬ ಅಯಸ್ಕಾಂತದ ಸ್ವಿಚ್ ಎಳೆದುಕೊಂಡರೆ ಪಿಎಲ್‌ಸಿಯ, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಿನ, ಇನ್‌ಪುಟ್‌ಗೆ 24 ವೋಲ್ಟ್ ಡಿಸಿ ಬರುತ್ತದೆ. ಪಿಎಲ್‌ಸಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61131-2 ಹೇಳುವ ಟೈಪ್ 1 ಎಂಬ ಬಗೆಯ ಇನ್‌ಪುಟ್‌ಗೆ 15ರಿಂದ 30 ವೋಲ್ಟ್ ಬಂದರೆ 1 ಎಂದರ್ಥ. ವೋಲ್ಟೇಜ್ 5ಕ್ಕಿಂತ ಕೆಳಗಿದ್ದರೆ 0. ನಡುವಿನದಕ್ಕೆ ಖಾತ್ರಿಯಿಲ್ಲ. ಟರ್ಮಿನಲ್ ಸ್ಕ್ರೂ ಸಡಿಲಾಗಿ ವೋಲ್ಟೇಜ್ ಈ ನಡುವೆ ಸಿಕ್ಕಿಕೊಂಡರೆ ಪರದೆಯ ಚುಕ್ಕೆ ಹೊಯ್ದಾಡುತ್ತದೆ. ಆಗ ಪ್ರೋಗ್ರಾಮನ್ನು ತಿರುವಿಹಾಕಿ ಫಲವಿಲ್ಲ, ಮಲ್ಟಿಮೀಟರ್ ಹಿಡಿಯಬೇಕು.

ಪಿಎಲ್‌ಸಿ ಒಳಗೂ ಒಮ್ಮತವಿಲ್ಲ. ಸೀಮೆನ್ಸ್ ಕಂಪನಿಯ ಎಸ್7 ಪಿಎಲ್‌ಸಿಯಲ್ಲಿ ‘ಐ 0.3’ ಎಂಬ ಇನ್‌ಪುಟ್ ವಿಳಾಸವೆಂದರೆ 0ನೇ ಬೈಟಿನೊಳಗಿನ 3ನೇ ಸಂಖ್ಯೆಯ ಬಿಟ್ (ಬಿಟ್ ಎಂದರೆ ಒಂದು 0 ಅಥವಾ 1, ಎಂಟು ಬಿಟ್ ಸೇರಿ ಒಂದು ಬೈಟ್). ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಕೋಡೆಸಿಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದೇ ಬೂಲಿಯನ್ ಮೌಲ್ಯ ಇಡೀ ಒಂದು ಬೈಟ್ ಹಿಡಿಯುತ್ತದೆ.

ನನಗೆ ಅತ್ಯಂತ ಸೋಜಿಗವೆನಿಸುವುದು 1979ರಲ್ಲಿ ಮೋಡಿಕಾನ್ ಕಂಪನಿ ತಂದ ಮೋಡ್‌ಬಸ್, ಅಂದರೆ ಯಂತ್ರಗಳು ಪರಸ್ಪರ ಸಂದೇಶ ಕಳಿಸುವ ನಿಯಮಾವಳಿ. ಅದರಲ್ಲಿ ಒಂದು ಕಾಯಿಲ್ (ಆನ್-ಆಫ್ ಮಾಡಬಲ್ಲ ಒಂದು ಬಿಟ್‌ಗೆ ಅಲ್ಲಿನ ಹೆಸರು) ಆನ್ ಮಾಡಲು 1 ಕಳಿಸಿದರೆ ನಡೆಯುವುದಿಲ್ಲ. 65280 ಕಳಿಸಬೇಕು, ಹೆಕ್ಸಾಡೆಸಿಮಲ್ ಅಂದರೆ 16ರ ಆಧಾರದ ಎಣಿಕೆಯಲ್ಲಿ ಎಫ್‌ಎಫ್00. ಅದೇ ಕಾಯಿಲ್‌ಗಳನ್ನು ಓದಲು ಹೋದರೆ ಎಂಟೆಂಟು ಬಿಟ್ ಒಂದೊಂದು ಬೈಟಿನಲ್ಲಿ ಒತ್ತಾಗಿ ಕೂತು ಬರುತ್ತವೆ.

ಪಿಎಲ್‌ಸಿಯ ಮಾಹಿತಿಯನ್ನು ಪರದೆಗೆ ಮುಟ್ಟಿಸುವ, ವಿಂಡೋಸ್ ಕಂಪ್ಯೂಟರಿನ ಹಳೆಯ ಓಪಿಸಿ ಸಾಫ್ಟ್‌ವೇರ್‌ನಲ್ಲಿ ‘ಹೌದು’ ಅಂದರೆ -1! ಅಲ್ಲಿ ಹದಿನಾರೂ ಬಿಟ್‌ಗಳು 1 ಆಗಿರುತ್ತವೆ, ಅದನ್ನು ಚಿಹ್ನೆಸಹಿತ ಸಂಖ್ಯೆಯಾಗಿ ಓದಿದರೆ -1. ಸ್ಕ್ರಿಪ್ಟ್ ಬರೆದವರು ‘1 ಆಗಿದೆಯೇ’ ಎಂದು ಕೇಳಿದರೆ ಮೋಟರ್ ಓಡುತ್ತಿದ್ದರೂ ‘ನಿಂತಿದೆ’ ಎಂಬ ಉತ್ತರ ಬಂದೀತು. ‘0 ಅಲ್ಲವೇ’ ಎಂದೇ ಕೇಳಬೇಕು.

ಏಕೆಂದರೆ ‘ಅಲ್ಲ’ ಎಲ್ಲೆಡೆ ಒಂದೇ: ವೋಲ್ಟ್ 0, ಬಿಟ್ 0, ಸಂದೇಶವೂ 0. ತಂತಿ ಹರಿದರೂ ಫ್ಯೂಸ್ ಹೋದರೂ ತಾನಾಗಿ ಉಳಿಯುವುದು ಇದೇ. ಕ್ಯಾರಿಯರ್ ಉದ್ದಕ್ಕೂ ಇರುವ ಎಳೆಹಗ್ಗದ ತುರ್ತು ಸ್ವಿಚ್ಚಿಗೆ ಅದಕ್ಕೇ ಸದಾ ಕೂಡಿರುವ ಕಾಂಟ್ಯಾಕ್ಟ್ ಹಾಕುತ್ತಾರೆ: ಎಲ್ಲ ಸರಿಯಿದ್ದಾಗ 1, ಹಗ್ಗ ಎಳೆದರೆ 0. ಇಲಿ ಕಡಿದು ಆ ತಂತಿ ತುಂಡಾದರೂ 0, ಕ್ಯಾರಿಯರ್ ನಿಲ್ಲುತ್ತದೆ.