ಟ್ರಯಲ್‌ಗೆ ಸೇರಿಸಿದರೆ ಮಗುವಿಗೆ ಬರೀ ಸಲೈನ್ ಕೊಡ್ತಾರಾ?

ಪ್ರಶ್ನೆ: ಮಗುವಿಗೆ ಕ್ಯಾನ್ಸರ್ ಮರುಕಳಿಸಿದೆ. ಡಾಕ್ಟರು ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಟ್ರಯಲ್‌ಗೆ ಸೇರಿಸೋಣ ಅಂತಿದ್ದಾರೆ. ಅರ್ಧ ಮಕ್ಕಳಿಗೆ ಔಷಧಿ ಬದಲು ಸುಮ್ನೆ ಸಲೈನ್ ಹಾಕಿ ನೋಡ್ತಾರಂತೆ, ನಿಜಾನಾ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಈ ಭಯ ಹೋಗುತ್ತಿಲ್ಲ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಹೊಸ ಔಷಧಿಯನ್ನು ಹಂತ ಹಂತವಾಗಿ ಪರೀಕ್ಷಿಸುವುದೇ ಟ್ರಯಲ್. ಮೊದಲ ಹಂತದ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಹೋಲಿಸಿ ನೋಡಲು ಬೇರೆ ಗುಂಪೇ ಇರುವುದಿಲ್ಲ. ಸೇರಿದ ಮಕ್ಕಳಿಗೆಲ್ಲ ಹೊಸ ಔಷಧಿಯೇ. ಎಷ್ಟು ಡೋಸನ್ನು ಮೈ ತಡೆದುಕೊಳ್ಳುತ್ತದೆ ಎಂದು ತಿಳಿಯುವುದು ಅಲ್ಲಿನ ಮುಖ್ಯ ಕೆಲಸ. ಕೆಲವೇ ಮಕ್ಕಳಿಗೆ ಕಡಿಮೆ ಡೋಸ್ ಕೊಟ್ಟು, ಕಾದು ನೋಡಿ, ಆಮೇಲೆ ಸೇರುವವರಿಗೆ ಏರಿಸುತ್ತಾರೆ. ಹಾಗಾಗಿ ಮೊದಲು ಸೇರಿದವರಿಗೆ ಸಿಗುವ ಡೋಸ್ ಸಾಲದೇ ಹೋಗಬಹುದು. ಸಲೈನ್ ಚಿಂತೆ ಬಿಟ್ಟು ಡಾಕ್ಟರನ್ನು ಇದನ್ನು ಕೇಳಿ: ನನ್ನ ಮಗು ಯಾವ ಡೋಸ್‌ನ ಗುಂಪಿನಲ್ಲಿದೆ?

ಎರಡು ಗುಂಪು ಮಾಡಿ ಹೋಲಿಸುವುದು ಹೆಚ್ಚಾಗಿ ಮೂರನೇ ಹಂತದಲ್ಲಿ. ಅಲ್ಲೂ ಸಾಮಾನ್ಯವಾಗಿ ಯಾವ ಮಗುವನ್ನೂ ಬರಿಗೈಯಲ್ಲಿ ಕೂರಿಸುವುದಿಲ್ಲ. ಅಮೆರಿಕದಲ್ಲಿ ನಡೆದ ನ್ಯೂರೋಬ್ಲಾಸ್ಟೋಮಾ (ಪುಟ್ಟ ಮಕ್ಕಳಿಗೆ ಬರುವ ನರಕೋಶದ ಕ್ಯಾನ್ಸರ್) ಟ್ರಯಲ್ ನೋಡಿ. ಅದರ ಫಲಿತಾಂಶ ಬಂದದ್ದು 2010ರಲ್ಲಿ. ಕೀಮೋ, ಸ್ಟೆಮ್‌ಸೆಲ್ ಕಸಿ ಎಲ್ಲ ಮುಗಿಸಿ ಬಂದ 226 ಮಕ್ಕಳು. ಒಂದು ಗುಂಪಿಗೆ ಆಗ ಎಲ್ಲರಿಗೂ ಕೊಡುತ್ತಿದ್ದ ಐಸೊಟ್ರೆಟಿನೊಯಿನ್ ಎಂಬ ಔಷಧಿ. ಇನ್ನೊಂದಕ್ಕೆ ಅದರ ಜೊತೆಗೆ ಆ್ಯಂಟಿಬಾಡಿಯ (ಕ್ಯಾನ್ಸರ್ ಕೋಶಕ್ಕೆ ಅಂಟಿಕೊಳ್ಳುವ ಪ್ರೋಟೀನಿನ) ಇಮ್ಯುನೊಥೆರಪಿ. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಉಳಿದವರು ಮೊದಲ ಗುಂಪಿನಲ್ಲಿ 46%, ಎರಡನೆಯದರಲ್ಲಿ 66%. ಲಾಭ ಎದ್ದು ಕಂಡದ್ದರಿಂದ ಹೀಗೆ ಗುಂಪು ಹಂಚುವುದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಆ ಆ್ಯಂಟಿಬಾಡಿಗೆ, ಅಂದರೆ ಡೈನುಟುಕ್ಸಿಮ್ಯಾಬ್‌ಗೆ, 2015ರಲ್ಲಿ ಅಲ್ಲಿ ಮಂಜೂರಾತಿ ಸಿಕ್ಕಿತು.

ಇಲ್ಲಿ ಯಾರೂ ಕೇಳದ ಒಂದು ಮಾತೂ ಇದೆ. ಈ ಔಷಧಿ ವಿಪರೀತ ನೋವು ಕೊಡುತ್ತದೆ. ಅದು ಹುಡುಕಿಕೊಂಡು ಹೋಗುವುದು ಜಿಡಿ2 ಎಂಬ ಗುರುತನ್ನು. ಆ ಗುರುತು ಗಡ್ಡೆಯ ಕೋಶಗಳ ಮೇಲೆ ತುಂಬಾ ಇರುತ್ತದೆ, ನಿಜ. ಆದರೆ ನೋವಿನ ನರಗಳ ಮೇಲೂ ಇದೆಯಲ್ವಾ! ಔಷಧಿ ಅಲ್ಲೂ ಅಂಟಿಕೊಳ್ಳುತ್ತದೆ. ಮಗು ಹೊಟ್ಟೆ, ಬೆನ್ನು ಹಿಡಿದುಕೊಂಡು ಅಳುತ್ತದೆ. ಕಾಯಿಲೆ ಜಾಸ್ತಿಯಾಯಿತು ಎಂದು ತಂದೆತಾಯಿ ಕುಸಿದುಬಿಡುತ್ತಾರೆ. ಹಾಗಲ್ಲ. ಅದಕ್ಕೇ ಈ ಡ್ರಿಪ್ ಹಾಕುವ ಮೊದಲೇ ಮಾರ್ಫಿನ್‌ನಂಥ ನೋವಿನ ಔಷಧಿ ಶುರು ಮಾಡುತ್ತಾರೆ, ಡ್ರಿಪ್ ಮುಗಿದ ಮೇಲೂ ಸ್ವಲ್ಪ ಹೊತ್ತು ಮುಂದುವರಿಸುತ್ತಾರೆ. ನಿಮ್ಮ ಟ್ರಯಲ್‌ನ ಔಷಧಿಯೂ ಜಿಡಿ2 ಹಿಡಿಯುವಂಥದ್ದೇ ಆಗಿದ್ದರೆ, ಸಹಿ ಹಾಕುವ ಮುಂಚೆ ನೋವಿಗೆ ಏನು ಕೊಡ್ತೀರಿ ಎಂದು ಕೇಳಿಬಿಡಿ.